ಟ್ರಂಕಿನಲ್ಲಿದ್ದ ಜೂಲ

ದೀಪಾವಳಿ ರಜೆಗೆ ಬಂದ ಮೊಮ್ಮಗನನ್ನು ಕರೆದುಕೊಂಡು ಕುಮಾರಪಟ್ಟಣದಿಂದ ಹೊರಟೆ. ರಾಣೆಬೆನ್ನೂರು, ಹಾವೇರಿ ದಾಟಿ ಹೆದ್ದಾರಿಯಲ್ಲೇ ಮುಂದೆ ಹೋದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ. ಅಲ್ಲಿದೆ ಉತ್ಸವ್ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಈ ಉದ್ಯಾನದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಬಣ್ಣ ಬಳಿದ ಸಿಮೆಂಟಿನ ಗೊಂಬೆಗಳಲ್ಲಿದೆ. ಹತ್ತಿರ ಹೋಗಿ ಮಾತನಾಡಿಸಬೇಕು ಅನ್ನಿಸುತ್ತದೆ.

ಮೊಮ್ಮಗ ಎತ್ತಿನ ಮುಂದೆ ನಿಂತ. "ಅಜ್ಜಾ, ಹಬ್ಬ ಐತಿ, ಇದಕ್ಯಾಕ ಏನೂ ಕಟ್ಟಿಲ್ಲ?"

ಏನು ಹೇಳಲಿ? ನಮ್ಮ ಕಡೆ ದೀಪಾವಳಿ ಎಂದರೆ ಹೋರಿ ಹಬ್ಬ. ಹೋರಿಯ ಮೈಮೇಲೆ ಜೂಲ, ಕೋಡಿಗೆ ಬಲೂನು, ಕೊರಳಿಗೆ ಒಣಕೊಬ್ಬರಿ ಸರ. ಓಡುವ ಹೋರಿಯ ಕೊರಳಿಂದ ಹುಡುಗರು ಆ ಕೊಬ್ಬರಿ ಹರಿಯಬೇಕು. (ಏಟು ತಿನ್ನುವವರೂ ಉಂಟು, ಮಕ್ಕಳು ಮಾಳಿಗೆಯ ಮೇಲಿಂದಲೇ ನೋಡಬೇಕು.) ನಮ್ಮ ಹೋರಿ ಮಾರಿ ನಾಲ್ಕು ವರ್ಷವಾಯಿತು. ಜೂಲ ಮಾತ್ರ ಟ್ರಂಕಿನಲ್ಲಿತ್ತು.

ಮನೆಗೆ ಬಂದವನೇ ಅದನ್ನು ತೆಗೆದೆ. ನುಸಿಗುಳಿಗೆ ವಾಸನೆ. ಎರಡು ಕನ್ನಡಿ ಬಿದ್ದುಹೋಗಿದ್ದವು. ಅವನ ಅಜ್ಜಿ ಹೊಸದು ಕೂರಿಸಿ ಹೊಲಿದಳು. ಪಾಡ್ಯದಂದು ಪಕ್ಕದ ಮನೆಯವರ ಹೋರಿಗೆ ಹೊದಿಸಿದೆವು. ಕೊಬ್ಬರಿ ಸರವನ್ನು ಮೊಮ್ಮಗನೇ ಪೋಣಿಸಿದ್ದ. ಓಣಿಯ ತಿರುವಿನಲ್ಲೇ ಯಾರೋ ಹರಿದುಕೊಂಡರು.

"ನಾ ಪೋಣಿಸಿದ್ದು ಹೋತು ಅಜ್ಜಾ!" ಎಂದು ಮಾಳಿಗೆಯ ಮೇಲೆ ಕುಣಿದಾಡಿದ.