ಕೊಟ್ಟಿಗೆಹಾರದ ಕಪ್ಪೆ, ಅದೇ ದಾರಿಯ ಕಲ್ಲುಹೂವು

ಕುಣಿಯುವ ಕಪ್ಪೆ ಮತ್ತು ಕಲ್ಲುಹೂವು, ಎರಡೂ ಮೈಯೆಲ್ಲ ತೆರೆದುಕೊಂಡು ಬದುಕುವ ಜೀವಿಗಳು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಕೊಟ್ಟಿಗೆಹಾರ ಸಿಗುತ್ತದೆ. ಪ್ರಯಾಣಿಕರಿಗೆ ಅದು ನೀರುದೋಸೆಯ ಊರು. ಕಪ್ಪೆಗಳನ್ನು ಬಲ್ಲವರಿಗೆ, 1937ರಲ್ಲಿ ಸಿ.ಆರ್. ನಾರಾಯಣರಾವ್ ವರ್ಣಿಸಿದ ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬ ಈ ಕುಣಿಯುವ ಕಪ್ಪೆಯ ಊರು.

ಮಳೆಯ ಆರ್ಭಟ ಇಳಿದ ಮೇಲೆ, ಕಾಡಿನ ಹಳ್ಳವೊಂದರ ನಡುವಿನ ಒದ್ದೆ ಬಂಡೆಯ ಮೇಲೆ ನಮಗೆ ಕಂಡ ಗಂಡು ಹೆಬ್ಬೆರಳಿನಷ್ಟೂ ಇರಲಿಲ್ಲ. ಗಂಟಲು ಉಬ್ಬಿಸಿ ಕೂಗಿತು, ಹಿಂಗಾಲನ್ನು ಪಟಪಟ ಬಡಿಯಿತು, ಆಮೇಲೆ ಕಾಲನ್ನು ಪಕ್ಕಕ್ಕೆ ನೀಡಿ ಬೆರಳುಗಳ ನಡುವಿನ ಬಿಳಿಚು ಪೊರೆಯನ್ನು ಬಿಚ್ಚಿ ತೋರಿಸಿತು. ನೀರಿನ ಭೋರ್ಗರೆತದಲ್ಲಿ ಕೂಗು ಅಡಗಿಹೋಗುವುದರಿಂದ ಕಾಲೇ ಬಾವುಟ. ನೋಡುವವರಿಗೆ ಕುಣಿತ, ಅದಕ್ಕೆ ಮಾತ್ರ ಹೆಚ್ಚಾಗಿ ಎದುರಾಳಿ ಗಂಡನ್ನು ದೂರವಿಡುವ ಜಗಳ. ಹೆಣ್ಣು ಹಳ್ಳದ ತಳದ ಜಲ್ಲಿಯನ್ನು ಹಿಂಗಾಲಿನಿಂದ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಈ ಕುಲದ ಗೊದಮೊಟ್ಟೆಗಳು ಮರಳಿನೊಳಗೇ ಬೆಳೆಯುತ್ತವೆ ಎಂಬುದು ವಿಜ್ಞಾನಿಗಳಿಗೆ ಗೊತ್ತಾದದ್ದು 2016ರಲ್ಲಷ್ಟೇ.

ಕಲ್ಲುಹೂವಿಗೆ ಇಂಥ ಗಡಿಬಿಡಿಯಿಲ್ಲ. ಬಿಸಿಬೇಳೆಬಾತಿನ ಪುಡಿಗೆ ಬೀಳುವ ಪಾರ್ಮೋಟ್ರೆಮಾ ಪರ್ಲೇಟಮ್ ಹೂವೂ ಅಲ್ಲ, ಕಲ್ಲಿಗೇ ಕಟ್ಟುಬಿದ್ದದ್ದೂ ಅಲ್ಲ; ಮರದ ತೊಗಟೆಯ ಮೇಲೂ ಹಬ್ಬುತ್ತದೆ. ಶಿಲೀಂಧ್ರ ಮನೆ ಕಟ್ಟಿದರೆ, ಒಳಗಿನ ಹಸಿರು ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ. ಬೂದುಬಣ್ಣದ ಎಸಳಿನ ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದೆ. ಅದರ ಒಂದೊಂದು ಕಣದಲ್ಲೂ ಶಿಲೀಂಧ್ರ, ಪಾಚಿ ಎರಡೂ ಇರುವುದರಿಂದ ಗಾಳಿಗೆ ಹಾರಿ ಬಿದ್ದಲ್ಲಿ ಹೊಸ ಕಲ್ಲುಹೂವು ಹುಟ್ಟಬಹುದು.

ಬೇಸಿಗೆ ಬಂದಾಗ ಇಬ್ಬರ ದಾರಿಯೂ ಬೇರೆ. ಕಲ್ಲುಹೂವು ಹಪ್ಪಳದಂತೆ ಒಣಗಿ ಸುಮ್ಮನಿದ್ದು, ಮಂಜು ತಾಗಿದೊಡನೆ ಮತ್ತೆ ಉಸಿರಾಡುತ್ತದೆ. ಚರ್ಮದಿಂದಲೂ ಉಸಿರಾಡುವ ಕಪ್ಪೆಗೆ ಒಣಗಿದರೆ ಸಾವೇ. ಕೆಟ್ಟ ಗಾಳಿಗೆ ಮಾತ್ರ ಕಲ್ಲುಹೂವೇ ಮೊದಲು ಸೋಲುವುದು: ಬೇರಿಲ್ಲದ ಅದು ಗಾಳಿಯಲ್ಲಿದ್ದದ್ದನ್ನೆಲ್ಲ ಹೀರುತ್ತದೆ. ಪ್ಯಾರಿಸ್ಸಿನ ಉದ್ಯಾನದಲ್ಲಿ ಕಲ್ಲುಹೂವುಗಳ ವಿಜ್ಞಾನಿ ನೈಲಾಂಡರ್ ಇದನ್ನು 1866ರಲ್ಲೇ ಗುರುತಿಸಿದ್ದ. ಕಪ್ಪೆಯನ್ನು ಕೊಲ್ಲುವುದು ಹಳ್ಳಕ್ಕೆ ಹರಿದುಬರುವ ವಿಷ, ಹೂಳು, ನೀರು ತಿರುಗಿಸುವ ಪೈಪು.

ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಕಲ್ಲುಹೂವನ್ನು ಕೆರೆದು ತರಬೇಡಿ. ಮಳೆ ನಿಂತ ಮೇಲೆ ಹಳ್ಳ ನೋಡಲು ಹೋದರೆ ದಡದ ಬಂಡೆಯ ಮೇಲೇ ಕೂತು ನೋಡಿ. ಕಾಲಿಡುವ ಜಲ್ಲಿಯಡಿ ಮೊಟ್ಟೆಗಳಿರುತ್ತವೆ.