ಕಥೆ ಎಂದರೆ ಕಿವಿ ನೆಟ್ಟಗೆ

ಉಪದೇಶ ಕೇಳುವಾಗ ನಿದ್ದೆ ಬರುವುದು ಇಂದು ನಿನ್ನೆಯದಲ್ಲ. 13ನೇ ಶತಮಾನದ ಜರ್ಮನ್ ಸನ್ಯಾಸಿ ಸಿಸೇರಿಯಸ್ ಬರೆದಿಟ್ಟ ಒಂದು ಪ್ರಸಂಗವಿದೆ. ಹೈಸ್ಟರ್‌ಬಾಖ್ ಮಠದಲ್ಲಿ ಹಿರಿಯರು ಉಪದೇಶ ಮಾಡುತ್ತಿದ್ದಾರೆ. ಎದುರಿಗಿದ್ದವರಲ್ಲಿ ಹಲವರು ತೂಕಡಿಸುತ್ತಿದ್ದಾರೆ, ಕೆಲವರದು ಗೊರಕೆಯೇ. ಹಿರಿಯರು ಮಾತು ನಿಲ್ಲಿಸಿ, ಆರ್ಥರ್ ಎಂಬ ಅರಸನಿದ್ದ ಎಂದು ಶುರು ಮಾಡಿದರಂತೆ. ಎಲ್ಲರಿಗೂ ಎಚ್ಚರ! ಆದರೆ ಕಥೆ ಮುಂದೆ ಹೋಗಲಿಲ್ಲ. ದೇವರ ಮಾತಿಗೆ ನಿದ್ದೆ, ಕಟ್ಟುಕಥೆಗೆ ಎಚ್ಚರವೇ ಎಂದು ಬೈದು ಬಿಟ್ಟರು.

ಬೈಯದೆ ಕಥೆಯನ್ನೇ ಮುಂದುವರಿಸಿದವರು ನಾಲ್ಕು ಶತಮಾನದ ನಂತರ ಫ್ರಾನ್ಸಿನಲ್ಲಿ ಬಂದರು. ಹೆಸರು ಝಾನ್ ಪಿಯೆರ್ ಕಮೂ. ನಾವು ಓದಿರುವ ಆಲ್ಬರ್ಟ್ ಕಮೂ ಅಲ್ಲ. ಇವರು 1584ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, 1609ರಲ್ಲಿ ಬೆಲ್ಲೆ ಎಂಬ ಊರಿನ ಬಿಷಪ್ ಆದವರು. ದೀಕ್ಷೆ ಕೊಟ್ಟವರು ಮುಂದೆ ಸಂತರೆನಿಸಿದ ಫ್ರಾನ್ಸ್ವಾ ದ ಸಾಲ್. ಆಗ ಫ್ರಾನ್ಸಿಗೆ ‘ಲಾಸ್ತ್ರೇ’ಯ ಹುಚ್ಚು. ದ್ಯುರ್ಫೆ ಬರೆದ, ಕುರಿ ಕಾಯುವವರ ಪ್ರೇಮದ ಆ ಕಾದಂಬರಿಯ ಮೊದಲ ಭಾಗ ಬಂದದ್ದು 1607ರಲ್ಲಿ. ಮುಂದೆ ಅದು ಸಾವಿರಾರು ಪುಟಗಳಿಗೆ ಬೆಳೆಯಿತು. ಇಂಥ ಪ್ರೇಮಕಥೆಗಳು ಮನಸ್ಸು ಕೆಡಿಸುತ್ತವೆ ಎಂಬುದು ಕಮೂ ಅವರ ಚಿಂತೆ. ಓದಬೇಡಿ ಎಂದರೆ ಯಾರು ಕೇಳುತ್ತಾರೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ತಾವೂ ಕಾದಂಬರಿಗೆ ಕೂತರು. 1621ರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟವರ ಕಥೆ ‘ಅಗಾತೋಂಫಿಲ್’, 1625ರಲ್ಲಿ ಗಂಡ ದಾರಿ ತಪ್ಪಿದರೂ ತಾನು ತಪ್ಪದ ಹೆಂಡತಿಯ ಕಥೆ ‘ಪಲೋಂಬ್’. ಹೀಗೆ ಹತ್ತಾರು.

ಅವರ ಉದ್ದ ಕಾದಂಬರಿಗಳ ಬಗ್ಗೆ ನನಗೆ ತಕರಾರಿದೆ. ಕಥೆ ಕಾವೇರುವ ಹೊತ್ತಿಗೆ ಬಿಷಪ್ ಎದ್ದು ನಿಂತು ಪ್ರವಚನ ಶುರು ಮಾಡುತ್ತಾರೆ. ಹೈಸ್ಟರ್‌ಬಾಖಿನ ತೂಕಡಿಕೆ ಮರಳಿ ಬರುತ್ತದೆ. ಆದರೆ 1630ರ ಸಣ್ಣ ಕಥೆಗಳಿವೆಯಲ್ಲ, ‘ರಕ್ತಸಿಕ್ತ ರಂಗಮಂದಿರ’, ‘ಭೀಕರ ದೃಶ್ಯಗಳು’ ಎಂಬ ಅರ್ಥದ ಹೆಸರಿನವು, ಅಲ್ಲಿ ಆಸೆ, ಹೊಟ್ಟೆಕಿಚ್ಚು, ಸೇಡು, ಕೊಲೆ ಎಲ್ಲವೂ ಕೆಲವೇ ಪುಟಗಳಲ್ಲಿ ಮುಗಿಯುತ್ತವೆ. ನೀತಿ ಅಲ್ಲೂ ಉಂಟು. ಓದಿದವರ ನೆನಪಿನಲ್ಲಿ ಉಳಿಯುವುದು ನೀತಿಯಲ್ಲ, ಚೂರಿ ಎಂದು ಆಕ್ಷೇಪಿಸಬಹುದು. ಉಳಿಯಲಿ ಬಿಡಿ. ಆ ಚೂರಿ ಹುಟ್ಟಿಸುವ ನಡುಕವನ್ನು ಯಾವ ಉಪದೇಶ ಹುಟ್ಟಿಸೀತು? ಕಮೂ ಓದುಗನ ಕುತೂಹಲವನ್ನು ಪಾಪವೆನ್ನಲಿಲ್ಲ, ಅದರ ಕೈಹಿಡಿದೇ ನಡೆದರು. ಆ ದೊಡ್ಡತನಕ್ಕೆ ನಾನು ತಲೆಬಾಗುತ್ತೇನೆ.

1652ರಲ್ಲಿ ಅವರು ತೀರಿಕೊಂಡದ್ದು ಪ್ಯಾರಿಸ್ಸಿನಲ್ಲಿ, ಗುಣವಾಗದ ರೋಗಿಗಳ ಆಸ್ಪತ್ರೆಯಲ್ಲಿ. ಅವರನ್ನು ಓದುವ ಮನಸ್ಸಾದರೆ ಸಣ್ಣ ಕಥೆಗಳಿಂದ ಶುರು ಮಾಡಿ.