ಕಲ್ಲುಗಳ ಹಿರಿತನ

ಬಂಡೆಯ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದು ಬೇರೆ. ಎರಡು ಬಂಡೆಗಳಲ್ಲಿ ಹಿರಿಯದಾವುದು, ಕಿರಿಯದಾವುದು ಎಂದು ನಿರ್ಣಯಿಸುವುದು ಬೇರೆ. ಮೊದಲನೆಯದಕ್ಕೆ ಸೂಕ್ಷ್ಮವಾದ ಯಂತ್ರಗಳು ಬೇಕು. ಎರಡನೆಯದಕ್ಕೆ ಕಣ್ಣು, ಒಂದು ಸುತ್ತಿಗೆ, ತಾಳ್ಮೆಯುಳ್ಳ ತರ್ಕ ಇಷ್ಟಿದ್ದರೆ ಬಹುಮಟ್ಟಿಗೆ ಸಾಕು. ನಾವು ವಿಜ್ಞಾನಿಗಳಲ್ಲ, ಸಂಸ್ಕೃತ ಗ್ರಂಥಗಳ ಪೌರ್ವಾಪರ್ಯವನ್ನು ವಿಚಾರಿಸುತ್ತ ಕಾಲ ಕಳೆದವರು. ಆದರೂ ಭೂಗರ್ಭಶಾಸ್ತ್ರಜ್ಞರ ಈ ಎರಡನೆಯ ಕೆಲಸವನ್ನು ಕುರಿತು ಓದಿದಷ್ಟೂ, ಅವರೂ ನಾವೂ ಒಂದೇ ಪಾಠಶಾಲೆಯವರೆಂಬ ಭಾವನೆ ನಮ್ಮಲ್ಲಿ ಬಲಿಯುತ್ತ ಬಂದಿದೆ.

ಅದೆಂತೆಂದರೆ, ಕಾಳಿದಾಸನು ಹುಟ್ಟಿದ ವರ್ಷವನ್ನು ಯಾರೂ ನಿಶ್ಚಯವಾಗಿ ಹೇಳಲಾರರು. ಆದರೆ ಐಹೊಳೆಯ ಮೇಗುತಿ ದೇವಾಲಯದಲ್ಲಿರುವ, ಕ್ರಿ. ಶ. 634ರ ರವಿಕೀರ್ತಿಯ ಶಾಸನದಲ್ಲಿ ಕಾಳಿದಾಸ ಭಾರವಿಗಳ ಹೆಸರು ಬಂದಿರುವುದು. ಆದುದರಿಂದ ಆ ಕವಿಗಳಿಬ್ಬರೂ ಆ ಕಾಲಕ್ಕಿಂತ ಈಚಿನವರಾಗಲಾರರು. ಹೆಸರಿಸಲ್ಪಟ್ಟದ್ದು ಹಿರಿಯದು, ಹೆಸರಿಸಿದ್ದು ಕಿರಿಯದು. ಒಂದು ಬಂಡೆಯ ಒಡಲಿನಲ್ಲಿ ಇನ್ನೊಂದು ಬಂಡೆಯ ತುಣುಕು ಸಿಕ್ಕಿದರೆ ಶಾಸ್ತ್ರಜ್ಞರು ಮಾಡುವ ಅನುಮಾನವೂ ಇದೇ: ತುಣುಕು ಹಿರಿಯದು, ಅದನ್ನು ಹೊತ್ತ ಬಂಡೆ ಕಿರಿಯದು.

ಉಳಿದ ಸೂತ್ರಗಳೂ ಕಠಿನವಾದುವಲ್ಲ. 1669ರಲ್ಲಿ ಸ್ಟೆನೋ ಎಂಬ ಡೆನ್ಮಾರ್ಕಿನ ಪಂಡಿತನು, ನೀರಿನಲ್ಲಿ ಕದಡಿದ ಮಣ್ಣುಮರಳು ತಳಕ್ಕಿಳಿದು ಪದರಗಟ್ಟುವುದಾದ್ದರಿಂದ ಕೆಳಗಣ ಪದರ ಮೊದಲಿನದು, ಮೇಲಣದು ಅನಂತರದ್ದು ಎಂದು ಬರೆದನು. ಈ ಮಾಸಪತ್ರಿಕೆಯ ಸಂಚಿಕೆಗಳನ್ನು ಬಂದ ಹಾಗೆಲ್ಲ ಒಂದರ ಮೇಲೊಂದು ಪೇರಿಸಿಡುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪದರಗಳು ಮೊದಲಿಗೆ ಮಟ್ಟಸವಾಗಿಯೇ ಕೂಡುವುವು. ಓರೆಯಾಗಿದ್ದರೆ ಆಮೇಲೆ ಓರೆಯಾದುವೆಂದು ತಿಳಿಯತಕ್ಕದ್ದು. ಒಂದು ಶಿಲೆಯನ್ನು ಸೀಳಿಕೊಂಡು ಇನ್ನೊಂದು ನುಗ್ಗಿದ್ದರೆ, ಸೀಳಿದ್ದು ಕಿರಿಯದು.

ಈ ಸೂತ್ರಗಳ ಪ್ರಯೋಗವನ್ನು ನೋಡಲು ಬಾದಾಮಿಯ ಸೀಮೆ ಬಹಳ ಒಳ್ಳೆಯದು. ಅಲ್ಲಿ ಕಲಾದಗಿಯ ಶಿಲೆಗಳೆಂಬ ವರ್ಗದ ಹಳೆಯ ಪದರಗಳು ಮಡಿಸಿ ಓರೆಯಾಗಿ ನಿಂತಿರುವುವು. ಅವುಗಳ ಸವೆದ ಅಂಚಿನ ಮೇಲೆ ಬಾದಾಮಿಯ ಮರಳುಗಲ್ಲು ಬಹುಮಟ್ಟಿಗೆ ಹಾಸಿದ ಚಾಪೆಯಂತೆ ಮಲಗಿರುವುದು. ಚಾಲುಕ್ಯರು ಗುಹಾಲಯಗಳನ್ನು ಕಡೆದದ್ದು ಈ ಮೇಲಣ ಕಲ್ಲಿನಲ್ಲಿ. ಹಾಗಾದರೆ ನಡುವೆ ಏನೇನು ನಡೆದಿರಬೇಕು! ಕೆಳಗಣ ಪದರಗಳು ನೀರಿನಲ್ಲಿ ಕೂಡಿ, ಕಲ್ಲಾಗಿ, ಮಡಿಸಿ, ಮೇಲೆದ್ದು, ಮಳೆಗಾಳಿಗಳಿಂದ ಸವೆದ ಮೇಲೆಯೇ ಹೊಸ ಮರಳು ಅವುಗಳ ಮೇಲೆ ಬಿದ್ದಿರುವುದು. ಆ ಎರಡು ಶಿಲೆಗಳ ನಡುವಣ ಗೆರೆಯಲ್ಲಿ ಬೆರಳನ್ನಿಟ್ಟರೆ ಬೆರಳಿನಡಿಯಲ್ಲಿ ಕಲ್ಲೇನೂ ಇಲ್ಲ, ಕಾಲವೊಂದೇ ಇರುವುದು. ಬೆಳಗಾವಿಯ ಕಡೆಗೆ ಕಲಾದಗಿಯ ಶಿಲೆಗಳ ಮೇಲೆ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ದಖ್ಖನಿನ ಕಪ್ಪು ಲಾವಾಶಿಲೆ ಹೊದಿಸಿರುವುದು.

ಆದರೆ ಸೂತ್ರಗಳು ಸುಲಭವಾದ ಮಾತ್ರಕ್ಕೆ ನಿರ್ಣಯವೂ ಸುಲಭವೆನ್ನಲಾಗದು. ಮೈಸೂರು ಸೀಮೆಯಲ್ಲಿ ಎರಡು ಜಾತಿಯ ಶಿಲೆಗಳು ಪ್ರಧಾನವಾದುವು: ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವಂಥ ಪಟ್ಟೆಪಟ್ಟೆಯಾದ ನೈಸ್ ಶಿಲೆ, ಕಬ್ಬಿಣ, ಚಿನ್ನಗಳನ್ನು ಒಡಲಲ್ಲಿಟ್ಟುಕೊಂಡ ಧಾರವಾಡ ವರ್ಗದ ಪದರುಶಿಲೆ. ಇವುಗಳಲ್ಲಿ ಅಣ್ಣ ಯಾರು? 1880ರ ದಶಕದಲ್ಲಿ ಧಾರವಾಡದ ಶಿಲೆಗಳಿಗೆ ಆ ಹೆಸರನ್ನಿತ್ತ ರಾಬರ್ಟ್ ಬ್ರೂಸ್ ಫೂಟನು, ಅವು ನೈಸಿನ ಮೇಲೆ ಕೂಡಿದುವೆಂದೂ ಆದಕಾರಣ ಕಿರಿಯವೆಂದೂ ಹೇಳಿದನು. ಅನಂತರ ಮೈಸೂರಿನ ಭೂಗರ್ಭ ಇಲಾಖೆಗೆ ಮುಖ್ಯಸ್ಥನಾದ ಸ್ಮೀತನು ಇದಕ್ಕೆ ತೀರ ವಿರುದ್ಧವಾಗಿ ಹೇಳಿದನು. ನೈಸು ಪದರುಶಿಲೆಯೊಳಕ್ಕೆ ನಾಲಗೆಗಳನ್ನು ಚಾಚಿರುವುದು, ಪದರುಶಿಲೆಯ ತುಂಡುಗಳು ನೈಸಿನೊಳಗೆ ಸಿಕ್ಕಿಕೊಂಡಿರುವುವು. ಆದುದರಿಂದ ಪದರುಶಿಲೆಯೇ ಹಿರಿಯದು, ಎಂದು. ಪ್ರತಿಪಕ್ಷದವರು ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದಂಥ ಸ್ಥಳಗಳನ್ನು ತೋರಿಸಬಹುದಾಗಿತ್ತು. ಅಲ್ಲಿ ಧಾರವಾಡ ವರ್ಗದ ಉಂಡೆಗಲ್ಲಿನ ಶಿಲೆಯೊಳಗೆ ನೈಸಿನ ದುಂಡನೆಯ ಗುಂಡುಗಳು ಅಡಕವಾಗಿರುವುವು. ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಗಳೆಂದ ಮೇಲೆ, ಅವು ಒಡೆದು ಬಂದ ತಾಯಿಬಂಡೆ ಹಿರಿಯದಲ್ಲವೆ? ಸ್ಮೀತನ ಪಕ್ಷದವರ ಉತ್ತರ ಸ್ವಾರಸ್ಯವಾದುದು: ಇಂಥ ಗುಂಡುಗಳು ಹೊಳೆಯವೇ ಅಲ್ಲ, ಶಿಲೆಯು ಒತ್ತಡದಲ್ಲಿ ನುರಿದು ತನ್ನೊಳಗೆ ತಾನೇ ಗುಂಡಾದದ್ದು! ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಹೇತುವೇ ಅಸಿದ್ಧವೆಂದು ವಾದಿಸಿದಂತಾಯಿತು. ಮೈಸೂರಿನಲ್ಲಿ ಈ ಮತಕ್ಕೆ ಬಹುಕಾಲ ಮನ್ನಣೆಯಿತ್ತು. ಒಂದು ಇಲಾಖೆಯ ಮುಖ್ಯಸ್ಥನ ಅಭಿಪ್ರಾಯಕ್ಕೆ ಪ್ರಮಾಣದ ತೂಕಕ್ಕಿಂತ ಪದವಿಯ ತೂಕವೂ ಸೇರಿಕೊಳ್ಳುವುದು ಎಲ್ಲ ಶಾಸ್ತ್ರಗಳಲ್ಲಿಯೂ ಉಂಟಷ್ಟೆ.

ಇದಕ್ಕೆ ಮತ್ತೊಂದು ತೊಡಕು. ಧಾರವಾಡದ ಪದರಗಳು ಅನೇಕ ಕಡೆ ಕಡಿದಾಗಿ ನಿಂತುಬಿಟ್ಟಿರುವುವು. ಗೋಡೆಯಂತೆ ನಿಂತ ಪದರಗಳಲ್ಲಿ ಮೇಲಾವುದು, ಕೆಳಗಾವುದು? ಇದಕ್ಕೂ ಉಪಾಯವುಂಟು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿದ ಲಾವಾ ದಿಂಬುಗಳ ರಾಶಿಯಂತೆ ಹೆಪ್ಪುಗಟ್ಟಿರುವುದು. ಇಂಥ ದಿಂಬಿನ ಮೇಲ್ಭಾಗ ಉಬ್ಬಿರುವುದು. ಕೆಳಭಾಗ ಮಾತ್ರ ತನಗಿಂತ ಮೊದಲು ಬಿದ್ದ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುವುದು. ಬೆಟ್ಟವನ್ನೇ ಮಗುಚಿ ಹಾಕಿದರೂ ಆ ಚೂಪು ತುದಿ ಮೊದಲಿನ ನೆಲದ ಕಡೆಗೇ ಬೆರಳು ತೋರಿಸುತ್ತಿರುವುದು. ಮರಳುಗಲ್ಲಿನಲ್ಲಾದರೆ ಅಲೆಯ ಗುರುತುಗಳೂ ಓರೆಪದರಗಳೂ ಇದೇ ಸಾಕ್ಷ್ಯವನ್ನು ನುಡಿಯುವುವು.

ವಿವಾದವು ತೀರಿದ್ದು ಇಬ್ಬರ ಮಾತನ್ನೂ ಮನ್ನಿಸುವ ರೀತಿಯಲ್ಲಿ. ಪದರುಶಿಲೆಗಳು ಒಂದೇ ಕಾಲದವಲ್ಲ, ಎರಡು ಕಾಲದವು ಎಂಬುದು 1970ರ ದಶಕದಲ್ಲಿ ಸ್ಪಷ್ಟವಾಯಿತು. ಮೈಸೂರು ಜಿಲ್ಲೆಯ ಸರಗೂರಿನ ಹೆಸರು ಹೊತ್ತ ಹಳೆಯ ವರ್ಗವು ನೈಸಿನಲ್ಲಿ ತುಂಡುತುಂಡಾಗಿ ಮುಳುಗಿರುವುದು; ಸ್ಮೀತನು ಹೇಳಿದ್ದು ಇದಕ್ಕೆ ಸಲ್ಲುವುದು. ಬಾಬಾಬುಡನ್‌ಗಿರಿಯ ಹೊಸ ವರ್ಗವು ಸವೆದ ನೈಸಿನ ಮೇಲೆ ಕುಳಿತಿರುವುದು. ಫೂಟನು ಹೇಳಿದ್ದು ಇದಕ್ಕೆ. ಯಂತ್ರದ ಲೆಕ್ಕವು ನೈಸಿಗೆ 300 ಕೋಟಿ ವರ್ಷ ಮತ್ತು ಅದಕ್ಕಿಂತ ಹೆಚ್ಚು, ಹೊಸ ವರ್ಗಕ್ಕೆ ಸುಮಾರು 290ರಿಂದ 260 ಕೋಟಿ ಎಂದು ಹೇಳುವುದು. ಸುತ್ತಿಗೆಯು ಕಟ್ಟಿದ್ದ ಕ್ರಮವನ್ನು ಯಂತ್ರವು ಕದಲಿಸಲಿಲ್ಲ.

ಸರಗೂರಿನ ಹಳೆಯ ಶಿಲೆಗಳ ನಡುವೆ ಕ್ವಾರ್ಟ್ಸೈಟ್ ಎಂಬ ಬಿಳಿಯ ಗಟ್ಟಿ ಕಲ್ಲಿನ ಪಟ್ಟಿಗಳಿರುವುವು. ಅದು ಒಂದಾನೊಂದು ಕಾಲದ ಮರಳು. ಮರಳಿನ ಪ್ರತಿಯೊಂದು ಕಣವೂ ಯಾವುದೋ ಬಂಡೆಯಿಂದ ಉದುರಿ ಬಂದದ್ದು. ಆ ಬಂಡೆ ಸರಗೂರಿನ ಶಿಲೆಗಿಂತಲೂ ಹಿರಿಯದು.